ಅಜ್ಜನಿಂದ ಬಂದ ಕಣ್ಣು

ಆಗ ಜರ್ಮನಿಯ ಸ್ಟುಟ್‌ಗಾರ್ಟಿನ ನಮ್ಮ ಮನೆಯಲ್ಲಿ ಜೂನ್ ಎಂದರೆ ಸ್ಟ್ರಾಬೆರಿ ತಿಂಗಳು. ಹುಬ್ಬಳ್ಳಿಯ ಮಾವಿಗೆ ಹಾತೊರೆಯುತ್ತಿದ್ದ ಅಮ್ಮ ಅದು ಸಿಗದ ಸಿಟ್ಟನ್ನೆಲ್ಲ ಸ್ಟ್ರಾಬೆರಿಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಸೀಕರಣೆಯನ್ನೂ ಅದರಲ್ಲೇ ಮಾಡಿ, ಏಲಕ್ಕಿ ಹಾಕಿ, ಚಪಾತಿಯ ಜೊತೆ ಬಡಿಸುತ್ತಿದ್ದಳು. ಊರ ಹೊರಗಿನ ಹೊಲಕ್ಕೆ ಹೋಗಿ ಹಣ್ಣನ್ನು ನಾವೇ ಬಿಡಿಸಿಕೊಳ್ಳಬಹುದಿತ್ತು. ಬಿಡಿಸುವಾಗ ಎಷ್ಟು ತಿಂದರೂ ಯಾರೂ ಕೇಳುತ್ತಿರಲಿಲ್ಲ. ಬಟ್ಟಲಲ್ಲಿ ಉಳಿದದ್ದನ್ನು ಮಾತ್ರ ಮರದ ಗೂಡಂಗಡಿಯಲ್ಲಿ ಕೂತ ಹೆಂಗಸು ತೂಗುತ್ತಿದ್ದಳು.

ನನಗೆ ಒಂಬತ್ತು ವರ್ಷ. ದೊಡ್ಡವನಾದ ಮೇಲೆ ಏನಾಗಬೇಕು ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಮ್ಮೂರಿನ ಗುಡ್ಡ ಹತ್ತಿ ಇಳಿಯುವ ಹಳದಿ ಸ್ಟಾಟ್‌ಬಾನ್ ಎಂಬ ನಗರದ ರೈಲುಗಾಡಿಯನ್ನು ಓಡಿಸಬೇಕು. ಚಾಲಕನ ಗಾಜಿನ ಬಾಗಿಲ ಹಿಂದಿನ ಮೊದಲ ಸೀಟು ಸಿಗದಿದ್ದರೆ ನಾನು ಗಾಡಿಯನ್ನೇ ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದೆ. ಆ ಬೇಸಿಗೆಯಲ್ಲಿ ನನ್ನ ಹುಚ್ಚಿಗೆ ಜೊತೆ ಸಿಕ್ಕಿತು. ಅಮ್ಮನ ಅಪ್ಪ ಮೂರು ತಿಂಗಳ ವೀಸಾದ ಮೇಲೆ ಹುಬ್ಬಳ್ಳಿಯಿಂದ ಬಂದಿದ್ದರು. ಗಣಿತದ ಮಾಸ್ತರಾಗಿ ನಿವೃತ್ತರಾದವರು. ಅಜ್ಜಿ ತೀರಿಕೊಂಡು ಒಂದು ವರ್ಷವಾಗಿತ್ತು. ಅಜ್ಜ ನನ್ನ ಪಕ್ಕದಲ್ಲಿ ಕೂತು ಹಳಿಯನ್ನೇ ನೋಡುತ್ತಿದ್ದರು, ನನಗಿಂತ ಹೆಚ್ಚು ಆಸೆಯಿಂದ.

ಒಂದು ಶನಿವಾರ ಮೂವರೂ ಹೊಲಕ್ಕೆ ಹೋದೆವು. ನೆಲಕ್ಕೆ ಹಾಸಿದ ಹುಲ್ಲು ಬಿಸಿಲಿಗೆ ಕಾದು ವಾಸನೆ ಬರುತ್ತಿತ್ತು. ಅಮ್ಮ ಅತ್ತಲಿನ ಸಾಲು ಹಿಡಿದಳು, ನಾನೂ ಅಜ್ಜನೂ ಇತ್ತಲಿನದು. ನಾವಿಬ್ಬರೂ ಪಂದ್ಯ ಕಟ್ಟಿ ಬಿಡಿಸಿದೆವು. ನನ್ನ ಬಟ್ಟಲು ಮೊದಲು ತುಂಬಿತೆಂದು ನಾನು ಕುಣಿದಾಡಿದೆ.

ತೂಗುವ ಹೆಂಗಸು ನಮ್ಮ ಬಟ್ಟಲು ನೋಡಿ ನಕ್ಕಳು. ಅರ್ಧಕ್ಕರ್ಧ ಕಾಯಿ ಎಂದಳು.

ಅಮ್ಮ ನನ್ನ ಕಡೆ ತಿರುಗಿದಳು. "ಏನೋ ಇದು, ಹಸರು ಕಾಯಿ ಹರಕೊಂಡು ಬಂದೀ? ಕಣ್ಣು ಎಲ್ಲಿಟ್ಟಿದ್ದಿ?"

ಅಷ್ಟರಲ್ಲಿ ಅವಳ ದೃಷ್ಟಿ ಅಜ್ಜನ ಬಟ್ಟಲಿಗೆ ಬಿತ್ತು. ಅದರಲ್ಲೂ ಅರ್ಧ ಕಾಯಿ. ಬೈಗುಳ ಅಲ್ಲಿಗೇ ನಿಂತಿತು. ಅವಳು ಎರಡೂ ಬಟ್ಟಲನ್ನು ಪಕ್ಕಪಕ್ಕ ಇಟ್ಟು ನೋಡಿದಳು.

ಅಮ್ಮನ ಕೆಲಸ ಏನೆಂದು ಹೇಳಿದರೆ ಅದು ಯಾಕೆಂದು ಅರ್ಥವಾದೀತು. ಅವಳು ಒಂದು ಲ್ಯಾಬಿನಲ್ಲಿ ಹಣ್ಣಿನ ನೊಣಗಳನ್ನು ಸಾಕಿ, ಕೆಂಪು ಕಣ್ಣಿನ ನೊಣಕ್ಕೂ ಬಿಳಿ ಕಣ್ಣಿನ ನೊಣಕ್ಕೂ ಎಂಥ ಮರಿ ಹುಟ್ಟುತ್ತವೆ ಎಂದು ವರ್ಷಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡಿದವಳು. ತಾಯಿಯಿಂದ ಮಗನಿಗೆ ಕಣ್ಣಿನ ಗುಣ ಹೇಗೆ ದಾಟುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಅವಳ ಮನೆಯಲ್ಲಿಯೇ ಕೆಂಪು ಹಸಿರಿನ ವ್ಯತ್ಯಾಸ ಕಾಣದ ಎರಡು ಜೊತೆ ಕಣ್ಣು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ಸಂಜೆ ಅವಳು ಬಣ್ಣದ ಚುಕ್ಕೆಗಳ ಪುಸ್ತಕವೊಂದನ್ನು ಹುಡುಕಿ ತಂದು ನಮ್ಮ ಮುಂದೆ ತೆರೆದಳು. "ಇದರಾಗ ಯಾವ ಅಂಕಿ ಕಾಣಸ್ತದ?"

ನನಗೆ ಬರೀ ಚುಕ್ಕೆ ಕಂಡವು. ಅಜ್ಜ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. "ಈ ಪುಸ್ತಕ ನನಗ ಹೊಸಾದಲ್ಲ. ಇಪ್ಪತ್ತನೇ ವಯಸ್ಸಿನ್ಯಾಗ ಹುಬ್ಬಳ್ಳಿ ರೇಲ್ವೆದವರು ತೋರಿಸಿದ್ರು. ಇಂಜಿನ್ ಓಡಸಬೇಕಂತ ಹೋಗಿದ್ದೆ. ನಡೀ ಅಂದ್ರು. ಮನ್ಯಾಗ ಮಾರ್ಕ್ಸ್ ಕಡಿಮಿ ಬಿದ್ವು ಅಂತ ಹೇಳಿದೆ."

"ಅಪ್ಪಾ, ಅವ್ವಗರೆ ಹೇಳಬಾರದಾಗಿತ್ತೇನು?"

"ಲಗ್ನಕ್ಕ ಮೊದಲ ಹೇಳಿದ್ರ ಹೆಣ್ಣು ಕೊಡ್ತಿರಲಿಲ್ಲ. ಆಮ್ಯಾಲ ಹೇಳ್ಲಿಕ್ಕೆ ನಾಚಿಗಿ. ನಲವತ್ತು ವರ್ಷ ಬೈದ್ಲು, ಮಾಸ್ತರಗ ಒಂದು ಟೊಮ್ಯಾಟೊ ಆರಿಸ್ಲಿಕ್ಕೆ ಬರಂಗಿಲ್ಲ ಅಂತ. ಲಕ್ಷ್ಯ ಇಲ್ಲದ ಮನಶ್ಯಾ ಅಂತ ತಿಳಕೊಂಡೇ ಹೋದ್ಲು."

ಅಮ್ಮ ಮೇಜಿನ ಮೇಲೆ ತನ್ನ ಮುಂದೆ ಎರಡು ಸ್ಟ್ರಾಬೆರಿ ಇಟ್ಟುಕೊಂಡಳು. ಒಂದರ ತುದಿ ಚಿವುಟಿದಳು. "ಜೀನ್ ಅಂದ್ರ ಮೈ ಹೆಂಗ ಕಟ್ಟಬೇಕು ಅಂತ ಡಿಎನ್‌ಎ ಅನ್ನೋ ಉದ್ದನೆ ದಾರದಾಗ ಬರದಿಟ್ಟ ಮಾತು. ದಾರ ಸುತ್ತಿಟ್ಟ ಸುರುಳಿಗೆ ಕ್ರೋಮೋಸೋಮ್ ಅಂತಾರ. ಅದರಾಗ ಎಕ್ಸ್ ಅಂತ ಒಂದು. ನನ್ನ ಹತ್ರ ಎರಡು ಎಕ್ಸ್ ಅದಾವ. ಒಂದು ಅಜ್ಜಿ ಕೊಟ್ಟದ್ದು, ಚಲೋ ಅದ, ಅದಕ್ಕ ನನಗ ಬಣ್ಣ ಕಾಣಸ್ತಾವ. ಈ ಚಿವುಟಿದ್ದು ಅಜ್ಜಂದು, ಇದರಾಗ ಕೆಂಪು ಹಸರು ತೋರಿಸೋ ಜೀನ್ ಕೆಟ್ಟದ." ನನ್ನ ಮುಂದೆ ಅವಳು ಒಂದು ಲವಂಗ ಇಟ್ಟಳು. "ನಿಮ್ಮಪ್ಪ ಕೊಟ್ಟದ್ದು ಈ ಸಣ್ಣ ವೈ. ಅದರಾಗ ಈ ಬಣ್ಣದ ಜೀನ್ ಇಲ್ಲೇ ಇಲ್ಲ. ನನ್ನ ಎರಡರಾಗ ಒಂದು ನಿನಗ ಬರಬೇಕಾಗಿತ್ತು."

ಅವಳು ಚಿವುಟಿದ ಹಣ್ಣನ್ನು ಲವಂಗದ ಪಕ್ಕಕ್ಕೆ ಸರಿಸಿದಳು. "ಇದನ್ನ ಕೊಟ್ಟುಬಿಟ್ಟೆ ನೋಡು" ಎಂದು ಅಳತೊಡಗಿದಳು.

ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟರು. "ನೀ ಯಾಕ ಅಳ್ತೀ? ಕೊಟ್ಟಾಂವ ನಾ. ನೀ ಬರೇ ಹೊತ್ತು ತಂದಾಕಿ. ಟಪಾಲ ತಂದವರ ಮ್ಯಾಲ ಯಾರರೆ ಸಿಟ್ಟಾಗ್ತಾರೇನು?"

ನನಗೆ ಬೇಕಾಗಿದ್ದ ಉತ್ತರ ಇನ್ನೂ ಸಿಕ್ಕಿರಲಿಲ್ಲ. "ಅಜ್ಜಾ, ಹಂಗಾರ ನನಗೂ ಗಾಡಿ ಓಡಸಲಿಕ್ಕೆ ಕೊಡಂಗಿಲ್ಲೇನು?"

ಅಮ್ಮ ಕಿಟಕಿಯ ಕಡೆ ನೋಡಿದಳು. ಅಜ್ಜ ನನ್ನನ್ನೇ ನೋಡಿದರು. "ಇಲ್ಲಪಾ. ಕೊಡಂಗಿಲ್ಲ. ನಿನಗ ಸುಳ್ಳು ಹೇಳಂಗಿಲ್ಲ ನಾ."

ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವರು ಸಮಾಧಾನ ಮಾಡಲು ಹೋಗಲಿಲ್ಲ. ಅಳು ನಿಲ್ಲುವವರೆಗೆ ಪಕ್ಕದಲ್ಲಿ ಕೂತಿದ್ದು, ಚಿವುಟಿದ ಆ ಹಣ್ಣನ್ನು ಎರಡು ತುಂಡು ಮಾಡಿ ನನಗೊಂದು ಕೊಟ್ಟು ತಾವೊಂದು ತಿಂದರು.

ಮರುದಿನ ನಾವಿಬ್ಬರೇ ಮೊದಲ ಸೀಟಿನಲ್ಲಿ ಕೂತು ಹೊಲಕ್ಕೆ ಹೋದೆವು. ನಲವತ್ತು ವರ್ಷ ಸಂತೆಯಲ್ಲಿ ಬೈಸಿಕೊಂಡು ಕಲಿತ ವಿದ್ಯೆಯನ್ನು ಅವರು ನನಗೆ ಧಾರೆ ಎರೆದರು. "ಬಣ್ಣಾ ಬಿಡು. ಮೊದಲ ಮೂಗಿಗೆ ಹಿಡಿ. ಆಮ್ಯಾಲ ತೊಟ್ಟಿನ ಹತ್ರ ಒತ್ತಿ ನೋಡು, ಹಣ್ಣಾದದ್ದು ಮೆತ್ತಗಿರ್ತದ." ಮಧ್ಯೆ ಮಧ್ಯೆ ಒಂದನ್ನು ಎತ್ತಿ ಹಿಡಿದು ಕೇಳುತ್ತಿದ್ದರು. "ಇದು ಹಣ್ಣೋ ಕಾಯೋ? ನನಗಂತೂ ತಿಳೀವಲ್ದು."

"ನನಗೂ ತಿಳೀವಲ್ದು ಅಜ್ಜಾ" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಆ ದಿನ ತೂಗುವ ಹೆಂಗಸಿಗೆ ನಮ್ಮ ಬಟ್ಟಲಲ್ಲಿ ಒಂದೂ ಕಾಯಿ ಸಿಗಲಿಲ್ಲ.

ಅಜ್ಜ ಮತ್ತೆ ಬರಲಿಲ್ಲ. ಆರು ವರ್ಷದ ಮೇಲೆ ಅವರು ತೀರಿಕೊಂಡರೆಂದು ಹುಬ್ಬಳ್ಳಿಯಿಂದ ಫೋನ್ ಬಂದಾಗ ನನಗೆ ಪರೀಕ್ಷೆ ನಡೆಯುತ್ತಿತ್ತು, ಹೋಗಲಾಗಲಿಲ್ಲ. ಆ ಕೊರಗು ಇವತ್ತಿಗೂ ಇದೆ. ನಾನು ಈಗ ಗಾಡಿಗಳ ವೇಳಾಪಟ್ಟಿ ಮಾಡುವ ಕಚೇರಿಯಲ್ಲಿದ್ದೇನೆ, ಮೊದಲ ಸೀಟಿನಲ್ಲೇ ಕೂತು ಕೆಲಸಕ್ಕೆ ಹೋಗುತ್ತೇನೆ. ಮಗಳಿಗೆ ಐದು ವರ್ಷ. ಗಂಡಸಿನ ಎಕ್ಸ್ ಒಂದೇ, ಅದು ಹೆಣ್ಣುಮಗುವಿಗೆ ಹೋಗಲೇಬೇಕು. ಹಾಗಾಗಿ ಅಜ್ಜನ ಆ ಟಪಾಲು ಈಗ ಅವಳ ಹತ್ತಿರ ಇದೆ, ಅವಳಿಗೆ ಗೊತ್ತಿಲ್ಲ. ಅವಳ ಕಣ್ಣು ಮಾತ್ರ ಚುರುಕು. ಹೋದ ಜೂನ್‌ನಲ್ಲಿ ಅದೇ ಹೊಲದಲ್ಲಿ ನನ್ನ ಕೈಯಿಂದ ಹಣ್ಣು ಕಿತ್ತುಕೊಂಡು, "ಪಾಪಾ, ಗ್ರ್ಯೂನ್" ಎಂದು ಜರ್ಮನ್‌ನಲ್ಲಿ ಗದರಿದಳು. ಹಸಿರಂತೆ. ನಾನು ಅದನ್ನು ಇಸಿದುಕೊಂಡು ಮೂಗಿಗೆ ಹಿಡಿದೆ. ಅವಳು ಹೇಳಿದ್ದು ಸರಿಯಾಗಿತ್ತು.

ಬಣ್ಣ ಹೇಳಿಕೊಡಲು ಈಗ ನನಗೆ ಹೆಂಡತಿಯಿದ್ದಾಳೆ, ಅಮ್ಮ ಇದ್ದಾಳೆ, ಇವಳಿದ್ದಾಳೆ. ಆ ಹೊಲದಲ್ಲಿ ನನ್ನ ಪಕ್ಕ ನಿಂತು, "ನನಗಂತೂ ತಿಳೀವಲ್ದು" ಎನ್ನುವವರು ಮಾತ್ರ ಯಾರೂ ಇಲ್ಲ.