ಹಸಿರು ಡಬ್ಬಿ

ಬೈಕು ಅಂಗಡಿಗೆ ಬಂದರೆ ಸಾಕು, ಮೇಸ್ತ್ರಿ ಅದರ ಇಂಜಿನ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ರೋಗ ಹೇಳಿಬಿಡುತ್ತಿದ್ದ. ಮೂವತ್ತೆರಡು ವರ್ಷದ ಕೈ ಅದು. ಗಾಡಿಯ ಜೊತೆ ಬರುವ ಪುಸ್ತಕ ಕಂಡರೆ ಮಾತ್ರ ಆಗುತ್ತಿರಲಿಲ್ಲ. ಗಿರಾಕಿಗಳು ಮರೆತುಹೋದ ಪುಸ್ತಕಗಳನ್ನೆಲ್ಲ ಅಲುಗಾಡುವ ಸ್ಟೂಲಿನ ಕಾಲಡಿ ತುರುಕಿದ್ದ. ಪಾಪ, ಅಲ್ಲಾದರೂ ಕೆಲಸಕ್ಕೆ ಬಂದವು!

ಅವನ ಮಗಳು ಜಮೀನು ಅಳೆಯುವ ಸರ್ವೇಯರ್. ದಿನಾ ಗುಡ್ಡ ಹತ್ತಿ ಇಳಿಯಬೇಕು, ಅದಕ್ಕೇ ರೇಡಿಯೇಟರ್ ಇರುವ ಹೊಸ ಬೈಕು ಕೊಂಡಿದ್ದಳು. ಶೋರೂಮಿನವರು ಎಷ್ಟು ಕರೆದರೂ, "ನನ್ನ ಗಾಡಿಗೆ ಕೈ ಹಾಕೋದು ನಮ್ಮಪ್ಪ ಒಬ್ರೇ" ಅಂದಿದ್ದಳು. ಆ ಮಾತನ್ನು ಮೇಸ್ತ್ರಿ ಬೀದಿಯಲ್ಲಿ ಯಾರಿಗೆ ಹೇಳಿಲ್ಲ, ಕೇಳಿ!

ಅವತ್ತು ಬೆಳಿಗ್ಗೆ ಬೈಕಿನ ಸೋರುವ ಪೈಪು ಬದಲಿಸಿ, ಇಂಜಿನ್ ತಣ್ಣಗಿಡುವ ಹಳೆಯ ಕೂಲೆಂಟ್ ದ್ರವ ಇಳಿಸಿದ. ಹಸಿರಾಗಿತ್ತು. ನೇರ ಬಾಮೈದನ ಬಿಡಿಭಾಗದ ಅಂಗಡಿಗೆ ಹೋದ.

"ಹಸಿರು ಕೂಲೆಂಟ್ ಕೊಡಯ್ಯ."

"ಯಾವ ಗಾಡಿಗೆ ಭಾವ? ಬಣ್ಣ ನೋಡಿ ತಗೋಬೇಡಿ, ಒಂದೊಂದು ಕಂಪನಿಯೋರು ಒಂದೊಂದು ಬಣ್ಣ ಹಾಕ್ತಾರೆ. ಪುಸ್ತಕದಲ್ಲಿ ಏನಿದೆ ನೋಡಿದ್ರಾ?"

"ನೀನು ಚಡ್ಡಿ ಹಾಕೋಕೆ ಮುಂಚೆಯಿಂದ ಸ್ಪ್ಯಾನರ್ ಹಿಡಿದಿದ್ದೀನಿ. ನನಗೇ ಪಾಠನಾ? ಕೊಡು ಸುಮ್ನೆ!"

ತಂದ, ಸುರಿದ, ಮುಚ್ಚಳ ಬಿಗಿದ. ಮಧ್ಯಾಹ್ನ ಮಗಳು ಊಟದ ಡಬ್ಬಿ ಕೊಟ್ಟು, ಸಂಜೆ ಬೈಕಿಗೆ ಬರುವುದಾಗಿ ಹೇಳಿ ಹೋದಳು. ಉಂಡು ಕೈ ತೊಳೆದ ಮೇಲೆ ಮೇಸ್ತ್ರಿ ಕನ್ನಡಕ ಏರಿಸಿ ಖಾಲಿ ಕೂಲೆಂಟ್ ಡಬ್ಬಿಯ ಬೆನ್ನು ಓದಿದ. ಕಾರು, ಲಾರಿಗೆ ಮಾತ್ರ! ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಮಗಳ ಬೈಕಿನ ಸೀಟು ಎತ್ತಿ ಪುಸ್ತಕ ತೆಗೆದ. ಸಿಲಿಕೇಟ್ ಇರುವ ಕೂಲೆಂಟ್ ಹಾಕಬಾರದು, ನೀರಿನ ಪಂಪಿನ ಸೀಲು ಸವೆಯುತ್ತದೆ ಎಂದಿತ್ತು. ಡಬ್ಬಿಯ ಮೇಲೆ ನೋಡಿದರೆ ಅದೇ ಸಿಲಿಕೇಟ್.

ಇವತ್ತೇ ಏನೂ ಆಗುವುದಿಲ್ಲ, ನಾಳೆಯೂ ಇಲ್ಲ. ಅದೇ ತಲೆನೋವು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯದು. ಆರು ತಿಂಗಳಿಗೋ ವರ್ಷಕ್ಕೋ ಸೀಲು ಹೋಗಿ ಇಂಜಿನ್ ಕಾದರೆ, ಗುಡ್ಡದ ಅರ್ಧದಲ್ಲಿ ಹುಡುಗಿ ಒಬ್ಬಳೇ ನಿಲ್ಲಬೇಕು.

ಸಂಜೆ ಮಗಳು ಬಂದಾಗ ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಬೇರೆ ಕೂತಿದ್ದರು. ಅವರು ಎದ್ದು ಹೋಗಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ನಟ್ಟು ಒರೆಸಿದ. ಆಸಾಮಿಗಳು ಏಳಲಿಲ್ಲ.

"ತಪ್ಪಾಯ್ತು ಕಣೇ," ಎಂದ ಕೊನೆಗೆ. "ಬಣ್ಣ ನೋಡಿ ಕಾರಿಂದು ಹಾಕ್ಬಿಟ್ಟೆ. ಪೂರ್ತಿ ಇಳಿಸಿ, ಬ್ಯಾಟರಿಗೆ ಹಾಕೋ ಶುದ್ಧ ನೀರಲ್ಲಿ ತೊಳೆದು, ಸರಿಯಾದ್ದು ಹಾಕ್ತೀನಿ. ಇವತ್ತು ಬಸ್ಸಲ್ಲಿ ಹೋಗು."

"ಗೊತ್ತಪ್ಪ. ಊಟ ತಂದಾಗ್ಲೇ ಕೂಲೆಂಟ್ ಡಬ್ಬಿ ಮೇಲಿಂದು ಓದ್ದೆ."

"ಅಯ್ಯೋ ನಿನ್ನ! ನೋಡಿಯೂ ಸುಮ್ನಿದ್ಯಾ? ನಾನು ಹೇಳ್ದೇ ಇದ್ದಿದ್ರೆ?"

ಮಗಳು ಫೋನು ತೆಗೆದಳು. "ಅದಕ್ಕೇ ನಾಳೆ ಹತ್ತೂವರೆಗೆ ಶೋರೂಮಲ್ಲಿ ಹೆಸರು ಬರೆಸಿದ್ದೆ. ತಡಿ, ಬೇಡ ಅಂತ ಹೇಳ್ತೀನಿ."

ಅವಳು ಫೋನಿನಲ್ಲಿ "ಬೇಡ ಸರ್, ನಮ್ಮಪ್ಪನೇ ಮಾಡ್ತಾರೆ" ಅನ್ನುವವರೆಗೂ ಮೇಸ್ತ್ರಿ ಅಲ್ಲೇ ನಿಂತಿದ್ದು, ಆಮೇಲೆ ಬಗ್ಗಿ ಸ್ಟೂಲಿನಡಿಯ ಪುಸ್ತಕಗಳನ್ನು ಒಂದೊಂದಾಗಿ ಎಳೆದು ಧೂಳು ಕೊಡವಿದ.