ಹುತ್ತದ ಪ್ಲಾಟ್‌ಫಾರಂ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಅನುಕೂಲ, ನನಗೂ ನಿರಾಳ. ಹಾಗೆಂದು ಕಂಡಕಂಡದ್ದಕ್ಕೆಲ್ಲ ಹೆದರುವವನಲ್ಲ. ದೆವ್ವಕ್ಕೆ ಹೆದರುವುದಿಲ್ಲ, ಅದನ್ನು ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಗುಡುಗಿಗೂ ಹೆದರುವುದಿಲ್ಲ; ಅದು ಕೇಳಿಸುವ ಹೊತ್ತಿಗೆ ಸಿಡಿಲು ಬಿದ್ದಾಗಿರುತ್ತದೆ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದಾರೆ. ನನ್ನ ಹೆದರಿಕೆಯೆಲ್ಲ ಎರಡಕ್ಕೇ ಮೀಸಲು: ಜನಜಂಗುಳಿ ಮತ್ತು ಹಾವು. ಇವೆರಡೂ ಒಟ್ಟಿಗೆ ಚಾಮರಾಜನಗರದ ರೈಲ್ವೆ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ನನಗಾಗಿ ಕಾದು ನಿಂತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ನಾನೊಂದು ಸುಳ್ಳು ಹೇಳಿದೆ. ಈ ಬರಹ ಆ ಸುಳ್ಳಿನ ವಿಷಯ.

ವಿಶಾಲ ಮೈಸೂರು ರಾಜ್ಯವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನಾನು ನಂಜನಗೂಡಿನ ಒಂದು ಕಚೇರಿಯಲ್ಲಿ ಗುಮಾಸ್ತ. ವಾಸ ಮಾತ್ರ ಚಾಮರಾಜನಗರದಲ್ಲಿ. ದಿನಾ ರೈಲಿನಲ್ಲೇ ಓಡಾಟ. ನಮ್ಮೂರಿಗೆ ಬಂದರೆ ರೈಲಿಗೆ ಮುಂದೆ ದಾರಿಯಿಲ್ಲ. ಮೈಸೂರಿನಿಂದ ಬಂದ ಗಾಡಿಯೇ ಇಂಜಿನ್ ಬದಲಿಸಿಕೊಂಡು ತಿರುಗಿ ಹೋಗಬೇಕು. ಆದ್ದರಿಂದ ಇಳಿಯುವವರು ಇಳಿಯುವ ಮೊದಲೇ ಹತ್ತುವವರು ಹತ್ತುತ್ತಿದ್ದರು. ಗುಂಡ್ಲುಪೇಟೆಯವರಿಗೆ ಬೇಗೂರಿನ ಮೇಲೆ ಮೈಸೂರಿಗೆ ನೇರ ಬಸ್ಸಿದ್ದರೂ, ಮೂಟೆ ಹಾಕಲು ರೈಲೇ ಸಲೀಸೆಂದು ಒಂದು ಬಸ್ಸು ತುಂಬ ಜನ ಇಲ್ಲಿಗೇ ಬಂದು ಇಳಿಯುತ್ತಿದ್ದರು. ಅರಿಸಿನದ ಮೂಟೆ, ವೀಳ್ಯದೆಲೆಯ ಪೆಂಡಿ, ಬಿದಿರು ಬುಟ್ಟಿ, ಅವುಗಳ ನಡುವೆ ಕೊಡೆ ಹಿಡಿದ ನಾನು. ಇದ್ದದ್ದು ಒಂದೇ ಪ್ಲಾಟ್‌ಫಾರಂ.

ಒಂದೇ ಎಂದರೆ ಪೂರ್ತಿ ನಿಜವಲ್ಲ. ಹಳಿಯ ಆಚೆ ಬದಿಗೆ ಇನ್ನೊಂದಿತ್ತು. ಯುದ್ಧದ ಕಾಲದಲ್ಲಿ ಪುಣಜನೂರಿನ ಕಡೆಯ ಕಾಡಿನಿಂದ ಬಂದ ಮರದ ದಿಮ್ಮಿಗಳನ್ನು ವ್ಯಾಗನ್ನಿಗೆ ತುಂಬಲು ಕಟ್ಟಿದ್ದಂತೆ. ಯುದ್ಧ ಮುಗಿದ ಮೇಲೆ ಅದನ್ನು ಕೇಳುವವರಿಲ್ಲದೆ ಲಂಟಾನ ಬೆಳೆಯಿತು, ಎಕ್ಕ ಬೆಳೆಯಿತು, ಒಂದು ತುದಿಯಲ್ಲಿ ಆಳೆತ್ತರದ ಹುತ್ತ ಎದ್ದಿತು. ಪ್ಲಾಟ್‌ಫಾರಂ ಎಂಬುದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿಲ್ಲವೆಂದು ಕೊರಗುವ ಪಂಡಿತರಿದ್ದಾರೆ. ನನ್ನನ್ನು ಕೇಳಿದರೆ ಜಗಲಿ ಎನ್ನುತ್ತೇನೆ. ಬರುವವರೂ ಹೋಗುವವರೂ ಒಂದು ಗಳಿಗೆ ಕೂರಲೆಂದು ಕಟ್ಟುವುದೇ ಜಗಲಿಯಲ್ಲವೇ? ಜನ ಕೂರದೆ ಬಿಟ್ಟ ಜಗಲಿಯ ಮೇಲೆ ಮೊದಲು ಧೂಳು ಕೂರುತ್ತದೆ, ಆಮೇಲೆ ಕತೆ ಕೂರುತ್ತದೆ. ಆ ಹುತ್ತದಲ್ಲಿ ಹಾವಿದೆಯೆಂದು ಊರಿಗೆಲ್ಲ ಗೊತ್ತಿತ್ತು. ನೋಡಿದವರು ಯಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನನ್ನೊಬ್ಬನ ಪಾಡಾಗಿದ್ದರೆ ಹೇಗೋ ನೂಕಿಸಿಕೊಂಡು ಹೋಗುತ್ತಿದ್ದೆ. ಆ ವರ್ಷ ನನ್ನ ಹೆಂಡತಿ ಗೌರಿ ಬಸುರಿ. ಹಿಂದಿನ ವರ್ಷ ಐದು ತಿಂಗಳಿಗೇ ಒಂದು ಮಗುವನ್ನು ಕಳೆದುಕೊಂಡಿದ್ದೆವು. ಮೈಸೂರಿನ ಲೇಡಿ ಡಾಕ್ಟರು, "ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಿ. ಬಸ್ಸಿನ ಕುಲುಕಾಟ ಬೇಡ, ರೈಲಿನಲ್ಲಿ ಬನ್ನಿ" ಎಂದಿದ್ದರು. ರೈಲು ಕುಲುಕುವುದಿಲ್ಲ, ನಿಜ. ಆದರೆ ರೈಲನ್ನು ಹತ್ತಬೇಕಲ್ಲ? ಯಾರದೋ ಮೂಟೆ ಅವಳಿಗೆ ತಗುಲುವುದು, ಅವಳು ಜೋಲಿ ತಪ್ಪುವುದು, ಹಳಿಯ ಸಂದಿ, ಇವೆಲ್ಲ ನನಗೆ ಊಟದ ಎಲೆಯ ಮುಂದೆ ಕೂತಾಗಲೂ ಕಾಣುತ್ತಿದ್ದವು.

ಅಷ್ಟರಲ್ಲಿ ಹೊಸದಾಗಿ ಬಂದ ಸ್ಟೇಷನ್ ಮಾಸ್ಟರು, ತಮಿಳು ಸೀಮೆಯ ಸಾಧು ಮನುಷ್ಯ, ಹಳೆಯ ಪ್ಲಾಟ್‌ಫಾರಮ್ಮಿನ ಲಂಟಾನ ಕಡಿಸಿದರು. ಇಳಿಯುವವರು ಈ ಕಡೆ ಇಳಿಯಲಿ, ಹತ್ತುವವರು ಆ ಕಡೆಯಿಂದ ಹತ್ತಲಿ, ಒಂದೂವರೆ ತಿಂಗಳು ನೋಡೋಣ ಎಂದು ಮೇಲಿನವರನ್ನು ಒಪ್ಪಿಸಿದ್ದರು. ಕೂಲಿಯವರು ಹುತ್ತವನ್ನು ಮಾತ್ರ ಮುಟ್ಟಲೊಪ್ಪಲಿಲ್ಲ. ಮೊದಲ ದಿನವೇ ನಾನೂ ಗೌರಿಯೂ ಮೈಸೂರಿಗೆ ಹೊರಟಿದ್ದೆವು. ಆ ಕಡೆಯ ಗೇಟು ತೆರೆದು ಮಾಸ್ಟರು ಕೈಮುಗಿದು ಕರೆದರು. "ಬನ್ನಿ ಸಾರ್, ಜಾಗ ಜಾಸ್ತಿ ಇರುದು." ಒಬ್ಬರೂ ಕದಲಲಿಲ್ಲ. ನಾನಂತೂ ಜಂಗುಳಿಗೂ ಹಾವಿಗೂ ನಡುವೆ ಯಾವುದು ಮೇಲೆಂದು ಲೆಕ್ಕ ಹಾಕುತ್ತ ನಿಂತೆ. ಗೌರಿ ಗುಂಡ್ಲುಪೇಟೆಯವಳು, ಬಂಡೀಪುರದ ಕಾಡಂಚಿನಲ್ಲಿ ಆನೆಯ ಲದ್ದಿ ದಾಟಿಕೊಂಡು ಬೆಳೆದವಳು. "ನಡೀರಿ ಓಗನ. ಹಾವು ನಮ್ಗಿಂತ ಮೊದ್ಲು ಎದ್ದು ಓಗಿರ್ತದೆ" ಎಂದಳು. ಗೇಟಿನ ಹತ್ತಿರ ನಿಂತು ಹುತ್ತಕ್ಕೆ ಕೈಮುಗಿದು, ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ನಡೆದಳು. ನಾನೂ ಮೆಟ್ಟು ಬಿಟ್ಟೆ. ಕಿಟಕಿಯ ಪಕ್ಕದ ಜಾಗ ಸಿಕ್ಕಿತು, ಯಾರ ಮೊಣಕೈಯೂ ತಗುಲಲಿಲ್ಲ. ಚಪ್ಪಲಿಯ ನೆನಪಾದದ್ದು ಬದನಗುಪ್ಪೆ ದಾಟಿದ ಮೇಲೆ. ಮೈಸೂರಿನ ಆಸ್ಪತ್ರೆಯ ನರ್ಸಮ್ಮ ನಮ್ಮಿಬ್ಬರ ಕಾಲುಗಳನ್ನು ನೋಡಿ, ಏನಾದರೂ ಹರಕೆಯೇ ಎಂದು ಕೇಳಿದರು.

ಬಸುರಿ ಹೆಂಗಸೇ ಹೋಗಿಬಂದಳೆಂಬ ಸುದ್ದಿ ಹಬ್ಬಿತು. ಮಾರನೆಯ ದಿನ ನಾಲ್ಕು ಜನ ಬಂದರು, ಅದರ ಮಾರನೆಯ ದಿನ ನಲವತ್ತು. ಎಲ್ಲರೂ ಗೌರಿಯಂತೆಯೇ ಗೇಟಿನಲ್ಲಿ ಚಪ್ಪಲಿ ಬಿಟ್ಟು ಹತ್ತುವುದು, ಬರಿಗಾಲಲ್ಲಿ ಮೈಸೂರು ಸುತ್ತಿ ಬರುವುದು, ಸಂಜೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಮನೆಗೆ ಹೋಗುವುದು. ಒಂದೇ ಕಾಲಿನ ಎರಡು ಎಕ್ಕಡ ಮೆಟ್ಟಿಕೊಂಡು ಕುಂಟುವವರನ್ನು ಕಂಡರೆ ಇವರು ರೈಲಿನವರೆಂದು ಊರಿಗೆ ಗೊತ್ತಾಗುತ್ತಿತ್ತು. ಹದಿನೈದು ದಿನ ಕಳೆದು ನಾವು ಮತ್ತೆ ಹೊರಟಾಗ ಹಳೆಯ ಪ್ಲಾಟ್‌ಫಾರಮ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಅರಿಸಿನದ ಮೂಟೆ ಗೌರಿಯ ಭುಜಕ್ಕೆ ತಗುಲಿ ಅವಳು ಅರ್ಧ ಸುತ್ತು ತಿರುಗಿಬಿಟ್ಟಳು. ಬೀಳಲಿಲ್ಲ. ಆದರೆ ಅವಳ ರಟ್ಟೆ ಹಿಡಿದ ನಾನು ಗಾಡಿಯೊಳಗೆ ಕೂರುವವರೆಗೂ ಬಿಡಲಿಲ್ಲ.

ಆ ದಿನ ರೈಲಿನಲ್ಲಿ ಎದುರಿಗೆ ಕೂತವನು ವೀಳ್ಯದೆಲೆ ವ್ಯಾಪಾರದ ಮಾದಪ್ಪ. ಅವನ ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಸಂತೆ ಸೇರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೌರಿಗೆ ಕೇಳದಂತೆ ದನಿ ತಗ್ಗಿಸಿ ಹೇಳಿದೆ: "ಯಾರಿಗೂ ಹೇಳಬೇಡ ಮಾದಪ್ಪ. ಬೆಳಿಗ್ಗೆ ಹುತ್ತದ ಪಕ್ಕ ಕಂಡೆ. ಇಷ್ಟು ಹೆಡೆ."

ನಾನು ತೋರಿಸಿದ್ದು ಅಂಗೈಯಷ್ಟು. ಊರಿಗೆ ಬರುವ ಹೊತ್ತಿಗೆ ಅದು ಮೊರದಷ್ಟಾಗಿತ್ತು. ಗುಂಡ್ಲುಪೇಟೆ ಸೀಮೆಯ ಮದ್ದೂರಿನ ಕಾಡಿನ ಕಡೆಯವರು ಅದಕ್ಕೆ ಮೀಸೆ ಬರೆದರು. ಪುಣಜನೂರಿನ ಬುಟ್ಟಿಯವರು ನೆತ್ತಿಯ ಮೇಲೆ ಮಣಿ ಇಟ್ಟರು. ಹಳೆಯ ಪ್ಲಾಟ್‌ಫಾರಂ ಮತ್ತೆ ಖಾಲಿಯಾಯಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಮುಂದಿನ ಸಲ ನಾವಿಬ್ಬರೇ ಮಹಾರಾಜರಂತೆ ಹತ್ತಿದೆವು. ಒಂದೇ ಕೊರತೆಯೆಂದರೆ, ಹುತ್ತದ ಮುಂದೆ ಹಾಯುವಾಗ ನನ್ನ ಮೈ ಬೆವರಿತು. ಇಷ್ಟು ಜನ ಹೇಳುತ್ತಿರುವಾಗ ಇದ್ದರೂ ಇರಬಹುದಲ್ಲ ಎನ್ನಿಸಿತು.

ಆ ವಾರವೇ ಈಚೆ ಪ್ಲಾಟ್‌ಫಾರಮ್ಮಿನ ನೂಕುನುಗ್ಗಲಲ್ಲಿ ತೆರಕಣಾಂಬಿಯ ಒಬ್ಬ ಅಜ್ಜಿ ಬಿದ್ದು ಮುಂಗೈ ಮುರಿದುಕೊಂಡಳು. ನಾನು ಅಲ್ಲೇ ಇದ್ದೆ. ಅವಳು ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಚೆಲ್ಲಿದ ಅವರೆಕಾಯಿಯನ್ನು ನೋಡುತ್ತ ಕೂತಿದ್ದಳು. ಸ್ಟೇಷನ್ ಮಾಸ್ಟರು ಅವಳನ್ನು ಜಟಕಾ ಗಾಡಿಗೆ ಹತ್ತಿಸಿ ಆಸ್ಪತ್ರೆಗೆ ಕಳಿಸಿ ಬಂದು ನನ್ನ ಪಕ್ಕ ನಿಂತರು. "ಸೋಮವಾರ ಗಡುವು ಮುಗಿಯುದು ಸಾರ್. ಆ ಕಡೆ ಯಾರೂ ಹತ್ತಲ್ಲ ಅಂತ ಬರೆದುಬಿಡ್ತೀನಿ. ಮುಚ್ಚಿಬಿಡ್ತಾರೆ" ಎಂದರು. ನಾನು ಹೆದರಿದ್ದು ಯಾವುದಕ್ಕೋ ಅದನ್ನೇ ಬೇರೊಬ್ಬರ ಮೈಮೇಲೆ ತಂದುಹಾಕಿದ್ದೆ. ಅದೂ ಸಾಲದೆಂಬಂತೆ, ಗೌರಿಗೆ ಇನ್ನೂ ಒಂದು ಪ್ರಯಾಣ ಬಾಕಿಯಿತ್ತು. ಹೆರಿಗೆಗೆ ಅವಳು ಹೊರಡಬೇಕಾದದ್ದು ಆ ಸೋಮವಾರದ ಮಾರನೆಯ ದಿನ.

ಮನೆಗೆ ಬಂದು ಅವಳಿಗೆ ಎಲ್ಲ ಹೇಳಿಬಿಟ್ಟೆ. ನಗುತ್ತಾಳೆಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು. "ಆ ಅಜ್ಜಿ ಕೈ ಮುರ್ಕಂಡಿದ್ದು ನಿಮ್ಮಿಂದ ಕಣ್ರೀ. ಸೋಮ್ವಾರ ಎಲ್ರ ಮುಂದೆ ಹೇಳ್ಬುಡಿ. ನಾನೂ ಬತ್ತೀನಿ."

ಸೋಮವಾರ ಬೆಳಿಗ್ಗೆ ಅಷ್ಟು ಜನರ ನಡುವೆ ಕಲ್ಲುಬೆಂಚಿನ ಮೇಲೆ ಹತ್ತಿ ನಿಂತೆ. "ಹುತ್ತದಲ್ಲಿ ಹಾವಿಲ್ಲ. ನಾನು ಹೇಳಿದ್ದು ಸುಳ್ಳು. ತಪ್ಪಾಯಿತು" ಎಂದೆ. ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಎಂದು ಕಣ್ಣು ಮುಚ್ಚಿಕೊಂಡೆ.

"ಸುಮ್ಕಿರಿ ಸ್ವಾಮಿ" ಎಂದ ಮಾದಪ್ಪ. "ನೀವು ಒಂದ್ಸಲ ಕಂಡ್ರಿ. ನಾನು ಮೂರ್ ಸಲ ಕಂಡಿವ್ನಿ."

"ಪಾಪ, ಹೆದ್ರುಕಂಡು ಹಂಗಂತಾವ್ರೆ ಕಣವ್ವ" ಎಂದು ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದಳು. "ಕಂಡೋರು ಕಂಡಿಲ್ಲ ಅಂದ್ರೆ ದೋಸ ಕಣಪ್ಪ, ತೆಪ್ಪಾಯ್ತು ಅನ್ನು" ಎಂದು ಒಬ್ಬ ಮುದುಕ ನನಗೇ ಬುದ್ಧಿ ಹೇಳಿದ. ನಾನು ಬೆಂಚಿನಿಂದ ಇಳಿದೆ. ಸುಳ್ಳನ್ನು ನಂಬಿಸಲು ಒಂದು ಪಿಸುಮಾತು ಸಾಕಾಗಿತ್ತು. ನಿಜಕ್ಕೆ ನನ್ನ ಗಂಟಲೇ ಸಾಲಲಿಲ್ಲ. ರೈಲಿನ ಹೊಗೆ ದೂರದಲ್ಲಿ ಕಾಣಿಸಿತು. ಜನ ಮೂಟೆಗಳನ್ನು ಹೆಗಲಿಗೇರಿಸಿಕೊಂಡರು.

ಆಗ ಗೌರಿ ಮುಂದೆ ಬಂದಳು. ತುಂಬಿದ ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು, ಸಲೀಸಾಗಿ, ನೀರಿಗೆ ಹೊರಟವರನ್ನು ಕರೆಯುವಂತೆ ಕರೆದಳು. "ಹಾವು ಇದ್ರೆ ಇರ್ಲಿ ಬುಡಿ. ಬಸುರಿ ನೆಳ್ಳು ಬಿದ್ರೆ ಹಾವ್ಗೆ ಕಣ್ ಕಾಣಕಿಲ್ಲ ಅಂತ ನಿಮ್ಗೆ ಗೊತ್ತಿಲ್ವಾ? ಬನ್ರವ್ವಾ, ನನ್ ನೆಳ್ಳಲ್ಲೇ ಬನ್ನಿ. ತಳ್ಳಾಡ್ಬ್ಯಾಡಿ ಮತ್ತೆ. ನಾನ್ ಬಿದ್ರೆ ನೆಳ್ಳೂ ಬೀಳ್ತದೆ."

ಅದು ಎಲ್ಲರಿಗೂ ಗೊತ್ತಿದ್ದ ಮಾತೇ. ಮೊದಲು ಹೆಂಗಸರು ಹೊರಟರು, ಹಿಂದೆ ಗಂಡಸರು. ಎದುರಿಗೆ ಎಳೆಬಿಸಿಲು, ಗೌರಿಯ ನೆರಳು ಹಿಂದಕ್ಕೆ ಉದ್ದವಾಗಿ ಬಿದ್ದಿತ್ತು. ಅದನ್ನು ಕೆಡಿಸಬಾರದೆಂದು ಅಷ್ಟು ಜನವೂ ಒಬ್ಬರ ಹಿಂದೊಬ್ಬರು, ಮೂಟೆಗಳನ್ನು ಎದೆಗವಚಿಕೊಂಡು, ಮೆಲ್ಲಗೆ ನಡೆದರು. ಮಾದಪ್ಪ ಎರಡೂ ಕೈ ಚಾಚಿ, "ಯಾರ್ಲಾ ಅದು ನುಗ್ಗದು? ಅಮ್ಮಾವ್ರ್ಗೆ ತಗಲ್ತದೆ" ಎಂದು ಗದರಿಕೊಳ್ಳುತ್ತ ಬಂದ. ಆ ಸ್ಟೇಷನ್ನಿನಲ್ಲಿ ಜನ ಸಾಲಾಗಿ ರೈಲು ಹತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸ್ಟೇಷನ್ ಮಾಸ್ಟರು ಹಸಿರು ಬಾವುಟ ಹಿಡಿದು ಬಾಯಿಬಿಟ್ಟುಕೊಂಡು ನಿಂತಿದ್ದರು. ಮುಚ್ಚಬೇಕೆಂದು ಅವರು ಬರೆಯಲೇ ಇಲ್ಲ.

ಮಾರನೆಯ ದಿನ ಹೆರಿಗೆಗೆ ಹೊರಟಾಗಲೂ ಅದೇ ಸಾಲು. ಅವಳನ್ನು ಕಿಟಕಿಯ ಪಕ್ಕ ಕೂರಿಸಿದ ಮೇಲೆ ಅವಳು ನನ್ನನ್ನು ನೋಡಿದಳು. "ಹಾವಿಲ್ಲ ಅಂತ ನಿಮ್ಗೆ ಗೊತ್ತಿತ್ತಲ್ಲಾ, ಎಲ್ರುಗಿಂತ ಹತ್ರ ನನ್ ನೆಳ್ಳಿಗಂಟ್ಕಂಡು ಬಂದೋರು ನೀವೇಯ" ಎಂದಳು.

ಹೆಣ್ಣು ಮಗು. ತಾಯಿಯೂ ಮಗುವೂ ಕ್ಷೇಮ. ಹದಿನೈದು ದಿನದ ಮೇಲೆ ಕರೆದುಕೊಂಡು ಬಂದಾಗ ಇಳಿಯುವ ಕಡೆ ಕಿಕ್ಕಿರಿದ ಜನ. ಹಳೆಯ ಕಡೆಯಿಂದಲೇ ಇಳಿಯೋಣ ಎಂದಳು ಗೌರಿ. ಈಗ ಅವಳ ನೆರಳು ಬರಿಯ ನೆರಳು ಎಂಬುದು ನನ್ನ ತಲೆಗೆ ಹೊಳೆದು, ಬಾಗಿಲಲ್ಲಿ ಕಾಲು ತಡೆಯಿತು. ಅವಳು ಮಗುವನ್ನು ನನ್ನ ತೋಳಿಗೆ ಹಾಕಿ, ಗಂಟು ತಾನು ಹಿಡಿದು, ಇಳಿದು ನಡೆದೇಬಿಟ್ಟಳು. ಮಗುವಿನ ಕತ್ತು ಇನ್ನೂ ನಿಂತಿರಲಿಲ್ಲ. ಅದನ್ನು ಹೇಗೆ ಹಿಡಿಯಬೇಕು, ಬಿಸಿಲು ಕಣ್ಣಿಗೆ ಬೀಳುತ್ತಿದೆಯೇ, ಉಸಿರಾಡುತ್ತಿದೆಯೇ ಎಂದು ನೋಡುತ್ತ ನೋಡುತ್ತ ಇಳಿದೆ, ನಡೆದೆ, ಗೇಟು ದಾಟಿದೆ. ಜಟಕಾ ಹತ್ತಿ ಕೂತ ಮೇಲೆ ನೆನಪಾಯಿತು, ಹುತ್ತ ಯಾವಾಗ ಹಿಂದೆ ಬಿತ್ತೋ ನಾನು ನೋಡಿರಲೇ ಇಲ್ಲ.