ಅಪ್ಪ ಹತ್ತದ ಕಾರು

ಚನ್ನಗಿರಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಸಿದ್ದಲಿಂಗೇಶನಿಗೆ ತನ್ನ ಏಳು ಸೀಟಿನ ಡೀಸೆಲ್ ಕಾರಿನ ಮೇಲಿದ್ದದ್ದು ಒಂದೇ ದೂರು: ಮನೆಯವರೆಲ್ಲ ಕೂತು ಎಸಿ ಹಾಕಿದರೆ ಅದು ಏದುಸಿರು ಬಿಡುತ್ತಿತ್ತು. ಕಳೆದ ದೀಪಾವಳಿ ಮುಗಿದ ವಾರ ದಾವಣಗೆರೆಯ ತೌಸಿಫ್ ಎಂಬ ಮೆಕ್ಯಾನಿಕ್ ಹತ್ತಿರ ರೀಮ್ಯಾಪ್ ಮಾಡಿಸಿಕೊಂಡು ಬಂದ. ತೌಸಿಫ್ ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ಸ್ಟೇರಿಂಗ್ ಕೆಳಗೆ ಲ್ಯಾಪ್‌ಟಾಪಿನ ವೈರು ಚುಚ್ಚಿ, ಎಂಜಿನ್ನು ನಡೆಸುವ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ತುಂಬಿದ, ಅಷ್ಟೆ. "ಕಂಪನಿ ವಾರಂಟಿ ಹೋಗ್ತೈತೆ ಸಾರ್, ಆಮೇಲೆ ನನ್ನ ಬೈಬ್ಯಾಡ್ರಿ" ಎಂದು ಮುಂಚೆಯೇ ಹೇಳಿದ್ದ.

ವಾಪಸ್ ಬರುವಾಗ ಸಂತೇಬೆನ್ನೂರಿನ ಹತ್ತಿರ ಸಿದ್ದಲಿಂಗೇಶ ಒಬ್ಬನೇ ನಕ್ಕ. ಆಕ್ಸಿಲರೇಟರ್ ಮೇಲೆ ಕಾಲು ಇಟ್ಟರೆ ಸಾಕು, ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತಿತ್ತು.

ಎರಡು ತಿಂಗಳಾಗುವಷ್ಟರಲ್ಲಿ ಅವನ ಅಪ್ಪ ಷಣ್ಮುಖಪ್ಪನವರು ಕಾರು ಹತ್ತುವುದನ್ನೇ ಬಿಟ್ಟರು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಜಗಳೂರಿನಲ್ಲಿರುವ ಮಗಳು ಶಾಂತಲಾಳ ಮನೆಗೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿಕೊಂಡು ಹೋಗತೊಡಗಿದರು. ಯಾಕೆಂದು ಕೇಳಿದರೆ, "ಬಸ್ಸಿನಾಗೆ ಹಳೇ ಕಂಡಕ್ಟರು ಸಿಗ್ತಾರಪ್ಪ, ಮಾತಾಡ್ಕೊಂಡು ಹೋಗ್ತೀನಿ" ಎನ್ನುತ್ತಿದ್ದರು. ಸೊಸೆ ಶಿವಲೀಲಾ ಮಾತ್ರ ಗಂಡನಿಗೆ ನೇರವಾಗಿ ಹೇಳಿದಳು: "ಅವ್ರಿಗೆ ನಿಮ್ ಪಕ್ಕ ಕೂರಾಕೆ ಹೆದ್ರಿಕೆ." ಸಿದ್ದಲಿಂಗೇಶನಿಗೆ ಆ ಮಾತು ಚುಚ್ಚಿತು. ತಾನೇನು ನಿನ್ನೆ ಮೊನ್ನೆ ಲೈಸೆನ್ಸ್ ಮಾಡಿಸಿದವನೇ?

ಶಾಂತಲಾಳ ಮಗುವಿನ ನಾಮಕರಣಕ್ಕೆ ಎಲ್ಲರೂ ಒಟ್ಟಿಗೇ ಹೋಗಬೇಕಾಯಿತು. ಅಪ್ಪ ಮುಂದಿನ ಸೀಟಿನಲ್ಲಿ ಕೂತರು. ಬಿಳಿಚೋಡು ದಾಟಿದ ಮೇಲೆ ಮೆಕ್ಕೆಜೋಳದ ಮೂಟೆ ಹೇರಿದ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿತು. ಎದುರಿಗೆ ಬೈಕೊಂದು ಬರುತ್ತಿತ್ತು. ದಾಟಬಹುದು ಎನಿಸಿತು, ಸಿದ್ದಲಿಂಗೇಶ ಕಾಲು ಒತ್ತಿದ. ಕಾರು ದಾಟಿತು. ಬೈಕು ರಸ್ತೆ ಬಿಟ್ಟು ಮಣ್ಣಿಗಿಳಿಯಿತು.

"ನಿಲ್ಸು" ಎಂದರು ಅಪ್ಪ.

ಬೈಕಿನವನು ಎರಡೂ ಕಾಲು ಊರಿ ನಿಂತಿದ್ದ. ಹಿಂದೆ ಕೂತ ಹೆಂಗಸು ಮಗುವನ್ನು ಎದೆಗೆ ಅವಚಿಕೊಂಡಿದ್ದಳು. ಷಣ್ಮುಖಪ್ಪನವರು ಪಂಚೆ ಎತ್ತಿಕಟ್ಟಿ ಅಷ್ಟು ದೂರ ನಡೆದುಹೋಗಿ ಕೈಮುಗಿದರು. "ತಪ್ಪು ನಮ್ದೇರಿ" ಎಂದರು. ಸಿದ್ದಲಿಂಗೇಶನೂ ಹಿಂದೆಯೇ ಹೋದ. ಆ ಹೆಂಗಸು ಅಪ್ಪನ ಕಡೆ ನೋಡಲೇ ಇಲ್ಲ, ಅವನನ್ನೇ ನೋಡುತ್ತಿದ್ದಳು.

ಸಂಜೆ ಜಗಳೂರಿನಿಂದ ಹೊರಡುವಾಗ ಅಪ್ಪ ಕೀ ಇಸಿದುಕೊಂಡರು. ದಾರಿಯಲ್ಲಿ ಮತ್ತೊಂದು ಟ್ರ್ಯಾಕ್ಟರ್. ಎರಡು ಕಿಲೋಮೀಟರ್ ಅದರ ಹಿಂದೆಯೇ ಹೋದರು. ರಸ್ತೆ ನೆಟ್ಟಗೆ, ಖಾಲಿಯಾಗಿ ಕಂಡಾಗ ಕಾಲು ಒತ್ತಿದರು. ಕಾರು ಕ್ಷಣದಲ್ಲಿ ದಾಟಿ ತನ್ನ ಬದಿಗೆ ಬಂತು.

"ಚೆನ್ನಾಗೈತೆ ಇದು" ಎಂದರು. ಸಿದ್ದಲಿಂಗೇಶ ಆ ಮಾತನ್ನು ನಿರೀಕ್ಷಿಸಿರಲಿಲ್ಲ. "ಆಚೆ ಬದಿಗೆ ಇರೋ ಹೊತ್ತು ಕಮ್ಮಿ ಆಗ್ತೈತೆ. ಇದರಿಂದ ಉಪಯೋಗ ಅಷ್ಟೇ. ಜಾಗ ಇಲ್ದಿದ್ರೂ ನೀನು ಜಾಗ ಮಾಡ್ಕಳಾಕೆ ಹೋಗ್ತೀಯ."

ಹಳೆಯ ಸಾಫ್ಟ್‌ವೇರನ್ನೇ ಹಾಕಿಸಿಬಿಡಲೇ ಎಂದು ವಾರವೆಲ್ಲ ಯೋಚಿಸಿದ. ಹಾಕಿಸಲಿಲ್ಲ. ಹಾಕಿಸಿದರೆ ತಪ್ಪನ್ನೆಲ್ಲ ಕಾರಿನ ಮೇಲೆ ಹೊರಿಸಿದ ಹಾಗಾಗುತ್ತದೆ ಎನಿಸಿತು. ಬದಲಿಗೆ ಭಾನುವಾರ ಬೆಳಿಗ್ಗೆ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಸೂಳೆಕೆರೆ ಕಡೆ ಹೊರಡತೊಡಗಿದ, ನಲವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು. ಅಪ್ಪ "ತಡಿ" ಎಂದರೆ ಕಾಲು ಎತ್ತುತ್ತಿದ್ದ. ಯುಗಾದಿ ಹೊತ್ತಿಗೆ ಅವರು ಹಾಗೆನ್ನುವುದು ಕಡಿಮೆಯಾಯಿತು.

ಒಂದು ದಿನ ಕೆರೆಬಿಳಚಿ ದಾಟುವ ಮೊದಲೇ ಷಣ್ಮುಖಪ್ಪನವರು ಸೀಟಿಗೆ ತಲೆಯಾನಿಸಿ ನಿದ್ದೆಹೋದರು. ಸಿದ್ದಲಿಂಗೇಶ ಮೆಲ್ಲಗೆ ರೇಡಿಯೊ ಆಫ್ ಮಾಡಿದ.